ಐದು ಗಂಟೆಯ ನಡಿಗೆ

ನಾನು ಕೆಲಸಕ್ಕಿದ್ದ ಚಾಕಿ ಕೇಂದ್ರದಲ್ಲಿ ಬೆಳಿಗ್ಗೆ ಬಂದ ತಕ್ಷಣ ಎರಡು ಸಹಿ ಹಾಕಬೇಕಿತ್ತು. ಒಂದು ಬಂದ ಹೊತ್ತಿಗೆ, ಇನ್ನೊಂದು ಸಂಜೆ ಹೋಗುವ ಹೊತ್ತಿಗೆ. ಸಂಜೆ ಇನ್ನೂ ಆಗಿರುತ್ತಿರಲಿಲ್ಲ. ಆದರೂ ‘ಹೋದ ಸಮಯ’ ಎಂಬ ಕಡೆ ಐದು ಗಂಟೆ ಎಂದು ಬರೆದು ಸಹಿ ಮಾಡಿಬಿಡುತ್ತಿದ್ದೆವು. ಸಂಜೆ ಕೈಯೆಲ್ಲ ಸುಣ್ಣವಾಗಿರುತ್ತದೆ, ಪುಸ್ತಕ ಹಾಳಾಗುತ್ತದೆ ಎಂದು ಅಕ್ಕ ಅದಕ್ಕೆ ಕಾರಣ ಹೇಳುತ್ತಿದ್ದಳು. ಮೊದಲ ದಿನ ನನಗೆ ಅದು ಬಹಳ ಜಾಣತನದ ಏರ್ಪಾಡು ಅನ್ನಿಸಿತ್ತು. ಅಷ್ಟು ದಡ್ಡಿ ನಾನು.

ಶಿಡ್ಲಘಟ್ಟದ ಕಡೆಯವರಿಗೆ ಚಾಕಿ ಎಂದರೇನು ಎಂದು ಹೇಳಬೇಕಿಲ್ಲ. ಉಳಿದವರಿಗೆ ಹೇಳುವುದಾದರೆ, ಮೊಟ್ಟೆಯೊಡೆದು ಬಂದ ರೇಷ್ಮೆ ಹುಳು ಸಣ್ಣ ಇರುವೆಯಷ್ಟಿರುತ್ತದೆ. ಅದನ್ನು ಒಂದು ವಾರ ಎಳೆಯ ಹಿಪ್ಪುನೇರಳೆ ಸೊಪ್ಪು ಕೊಟ್ಟು ಸಾಕಿ, ಎರಡನೇ ಜ್ವರಕ್ಕೆ ಕೂತಾಗ ರೈತರ ಕೈಗೆ ಕೊಡುವುದು ನಮ್ಮ ಕೆಲಸ. ಜ್ವರ ಎಂದರೆ ಕಾಯಿಲೆಯಲ್ಲ. ಹಳೆಯ ಚರ್ಮ ಕಳಚುವ ಮುಂಚೆ ಹುಳು ತಿನ್ನುವುದನ್ನು ಬಿಟ್ಟು, ತಲೆ ಎತ್ತಿಕೊಂಡು, ಹೆಚ್ಚುಕಡಿಮೆ ಒಂದು ದಿನ ಅಲುಗಾಡದೆ ಕೂತುಬಿಡುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಆಗ ಸೊಪ್ಪು ಹಾಕುವಂತಿಲ್ಲ, ತಟ್ಟೆ ಅಲುಗಿಸುವಂತಿಲ್ಲ. ಮೇಲೆ ತೆಳ್ಳಗೆ ಸುಣ್ಣದ ಪುಡಿ ಉದುರಿಸಿ ಸುಮ್ಮನಿರಬೇಕು. ಸುಣ್ಣ ಹಾಕಿದ ಮೇಲೆ ನಮಗೆ ಕೆಲಸವಿಲ್ಲ. ಹಾಗಾಗಿ ಹುಳು ಜ್ವರಕ್ಕೆ ಕೂರುವ ದಿನವನ್ನು ನಾವು ಹಬ್ಬದ ಹಾಗೆ ಕಾಯುತ್ತಿದ್ದೆವು.

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ. ಕೇಂದ್ರದಲ್ಲಿ ನಾವು ಆರು ಜನ ಹೆಂಗಸರು, ಅವರಲ್ಲಿ ಎಲ್ಲರಿಗಿಂತ ಹಳಬಳು ಆಕೆ. ಐವತ್ತರ ಆಸುಪಾಸು, ಆಂಧ್ರದ ಗಡಿಯಂಚಿನ ಹಳ್ಳಿಯವಳು, ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತಿತ್ತು. ಮೇಲ್ವಿಚಾರಕಿ ಎಂದು ಅವಳನ್ನು ಯಾರೂ ನೇಮಿಸಿರಲಿಲ್ಲ. ಕೇಂದ್ರದ ಯಜಮಾನರು ವಾರಕ್ಕೊಂದು ಸಲ ಬಂದು, ಹುಳು ನೋಡಿ, ಅವಳೊಬ್ಬಳನ್ನೇ ಮಾತಾಡಿಸಿ ಹೋಗುತ್ತಿದ್ದರು. ಅಷ್ಟೇ ಸಾಕಾಗಿತ್ತು. ನಮ್ಮ ಫೋನುಗಳು ಬೆಳಿಗ್ಗೆಯೇ ಅವಳ ಬಿಸ್ಕತ್ತಿನ ಡಬ್ಬಿಯೊಳಗೆ ಹೋಗುತ್ತಿದ್ದವು. ಮಲ್ಲಿಗೆ ಮುಡಿದು ಬರುವಂತಿಲ್ಲ, ಘಮ್ಮೆನ್ನುವ ಎಣ್ಣೆ ಹಚ್ಚುವಂತಿಲ್ಲ. ಹುಳುವಿಗೆ ವಾಸನೆ ಆಗದು, ಅದು ನಿಜವೇ. ಆದರೆ ಯಾರು ಯಾರ ಪಕ್ಕ ಕೂತು ಉಣ್ಣಬೇಕು, ಯಾರು ಎಷ್ಟು ನಗಬೇಕು ಎಂಬುದನ್ನೂ ಅವಳೇ ಹೇಳುತ್ತಿದ್ದಳು. ಹುಳುವಿಗೂ ನಮ್ಮ ನಗುವಿಗೂ ಏನು ಸಂಬಂಧವೋ ನನಗೆ ಇವತ್ತಿಗೂ ಗೊತ್ತಿಲ್ಲ. ಎದುರಿಗೆ ‘ನೀವು’ ಎನ್ನುತ್ತಿದ್ದೆ. ಬರೆಯುವಾಗ ಏಕವಚನ ತಾನಾಗಿ ಬರುತ್ತಿದೆ, ಬರಲಿ ಬಿಡಿ.

ಸಂಜೆಯ ಸೊಪ್ಪು ನಾಲ್ಕಕ್ಕೆ ಹಾಕಿದರೆ ಐದಕ್ಕೆ ಮುಗಿಯುತ್ತಿತ್ತು. ಮುಗಿದ ಮೇಲೆ ಅಕ್ಕನಿಗೆ ಹೊಸ ಕೆಲಸಗಳು ನೆನಪಾಗುತ್ತಿದ್ದವು. ತಟ್ಟೆ ತೊಳೆಯಬೇಕು, ನೆಲಕ್ಕೆ ಬ್ಲೀಚಿಂಗ್ ನೀರು ಬಳಿಯಬೇಕು, ನಾಳೆಯ ಸೊಪ್ಪಿಗೆ ಹೊದಿಸುವ ಗೋಣಿ ಒದ್ದೆ ಮಾಡಿ ಇಡಬೇಕು. ಯಾರಾದರೂ ಹೊತ್ತಾಯಿತು ಎಂದರೆ ಒಂದೇ ಮಾತು, ಹುಳುವಿಗೆ ಗಡಿಯಾರ ಗೊತ್ತಾ ಎಂದು. ಆರೂವರೆ ಆಗುತ್ತಿತ್ತು, ಏಳಾಗುತ್ತಿತ್ತು. ಪುಸ್ತಕದಲ್ಲಿ ನಾವೆಲ್ಲ ಐದಕ್ಕೇ ಮನೆಗೆ ಹೋಗಿ ಆಗಿರುತ್ತಿತ್ತು. ಮೊದಲ ವರ್ಷ ನಾನೂ ಗೊಣಗಿಕೊಂಡು ಸುಮ್ಮನಿದ್ದೆ. ಚಿಂತಾಮಣಿಯಲ್ಲಿ ನನ್ನ ಜೊತೆ ಓದಿದವರು ಬೆಳಕು ಹರಿಯುವ ಮುಂಚೆ ಬಸ್ಸು ಹಿಡಿದು ಬೆಂಗಳೂರಿಗೆ ಹೋಗಿ ಬರುತ್ತಿದ್ದರು. ಮೇಲೂರಿನ ನಮ್ಮ ಮನೆಯಿಂದ ಆಟೋದಲ್ಲಿ ಕಾಲು ಗಂಟೆಯ ಕೆಲಸ ನನ್ನದು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಎರಡನೇ ವರ್ಷ ಅಪ್ಪನಿಗೆ ಸ್ಟ್ರೋಕ್ ಆಯಿತು.

ಅಪ್ಪ ಮೇಷ್ಟ್ರು. ಕೆಂಚಾರ್ಲಹಳ್ಳಿ ಕಡೆಯಲ್ಲೂ ಆಮೇಲೆ ನಮ್ಮೂರ ಸುತ್ತಮುತ್ತಲೂ ಪಾಠ ಹೇಳಿ ನಿವೃತ್ತರಾಗಿದ್ದರು. ಮಾತು ಬೇಗ ಸರಿಹೋಯಿತು, ಕೈಯೂ ಹೆಚ್ಚು ಕೆಟ್ಟಿರಲಿಲ್ಲ. ಬಲಗಾಲು ಮಾತ್ರ ಎಳೆಯುತ್ತಿತ್ತು. ಚಿಕ್ಕಬಳ್ಳಾಪುರದಲ್ಲಿ ವ್ಯಾಯಾಮ ಹೇಳಿಕೊಟ್ಟ ಫಿಸಿಯೋ ನನ್ನನ್ನು ಪಕ್ಕಕ್ಕೆ ಕರೆದು, ಈ ಮೊದಲ ತಿಂಗಳುಗಳೇ ಮುಖ್ಯ ಎಂದರು. ದಿನಾ ನಡೆಸಿದರೆ ಕಾಲು ವಾಪಸ್ಸು ಬರುತ್ತದೆ, ಕೂರಿಸಿಬಿಟ್ಟರೆ ಹಾಗೇ ಬಿಗಿದುಕೊಳ್ಳುತ್ತದೆ, ಆಮೇಲೆ ಯಾರು ಏನು ಮಾಡಿದರೂ ಅಷ್ಟೇ ಎಂದರು.

ನಡೆಸುವುದು ಎಂದರೆ ಸುಲಭವಲ್ಲ, ಅಪ್ಪನನ್ನು. ಕೋಲು ಹಿಡಿಯಲೊಲ್ಲರು. ಅಮ್ಮನ ಕೈ ಹಿಡಿದರೆ ಬೀದಿಯವರು ನೋಡುತ್ತಾರೆ. ಪಕ್ಕದ ಮನೆಯವರು ಒಂದು ದಿನ ತೋಳು ಹಿಡಿದುಕೊಂಡು ಹೊರಟಾಗ ಅರ್ಧ ದಾರಿಯಲ್ಲೇ ತಿರುಗಿ ಬಂದು, ನಾನೇನು ಮದುಮಗನಾ ಎಂದು ಸಿಡುಕಿದ್ದರು. ನಮ್ಮ ಬೀದಿಯ ತುಂಬ ಅವರ ಹಳೇ ವಿದ್ಯಾರ್ಥಿಗಳು. ಬೆತ್ತ ಹಿಡಿದು ಓಡಾಡಿದ ಬೀದಿಯಲ್ಲಿ ಕಾಲು ಎಳೆದುಕೊಂಡು ಹೋಗುವುದನ್ನು ಅವರು ಯಾರಿಗೂ ತೋರಿಸಲೊಲ್ಲರು.

ನನ್ನ ಜೊತೆ ಮಾತ್ರ ಒಪ್ಪಿದರು. ಕೆಲಸದಿಂದ ಬಂದ ಮಗಳು ಹಾಲಿನ ಡೇರಿಗೆ ಹೊರಟಿದ್ದಾಳೆ, ಅಪ್ಪ ಜೊತೆಗೆ ಹೊರಟಿದ್ದಾರೆ. ನೋಡಿದವರಿಗೆ ಅಷ್ಟೇ ಕಾಣಬೇಕು. ನಾನು ಅವರ ಬಲಗಡೆ ನಿಲ್ಲುತ್ತಿದ್ದೆ. ಅವರು ಮಾತಾಡುತ್ತ ಸುಮ್ಮನೆ ಹಾಕಿದ ಹಾಗೆ ನನ್ನ ಹೆಗಲ ಮೇಲೆ ಕೈ ಹಾಕುತ್ತಿದ್ದರು. ಆ ಕೈಯ ಭಾರ ಎಷ್ಟಿತ್ತೆಂದು ನನ್ನ ಹೆಗಲಿಗೇ ಗೊತ್ತು. ಡೇರಿ ನಮ್ಮ ಬೀದಿಯ ಆ ತುದಿಯಲ್ಲಿ, ಹೋಗಿ ಬರಲು ನಮಗೆ ಮುಕ್ಕಾಲು ಗಂಟೆ ಬೇಕಾಗುತ್ತಿತ್ತು. ಮಧ್ಯೆ ಮಧ್ಯೆ ನಿಲ್ಲುತ್ತಿದ್ದರು, ಸುಸ್ತಾಗಿ ಎಂದು ಒಪ್ಪಿಕೊಳ್ಳುತ್ತಿರಲಿಲ್ಲ. ಒಂದೊಂದು ಮನೆಯ ಮುಂದೆ ನಿಂತು, ಈ ಮನೆಯವನಿಗೆ ಭಾಗಾಕಾರ ಬರ್ತಿರಲಿಲ್ಲ, ಈಗ ನೋಡು ಮೂರು ಮಹಡಿ ಕಟ್ಟವ್ನೆ ಎನ್ನುತ್ತಿದ್ದರು. ಹಾಲಿನ ಕ್ಯಾನು ಹಿಡಿದು ಬರುವವರೆಲ್ಲ ‘ಮೇಷ್ಟ್ರೇ’ ಎಂದು ನಿಲ್ಲುತ್ತಿದ್ದರು. ಅವರೆದುರು ಅಪ್ಪ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು, ಕಾಲೂ ಒಂದು ಗಳಿಗೆ ನೆಟ್ಟಗಾಗುತ್ತಿತ್ತು. ನನಗೆ ಆ ಬೀದಿ ಅಷ್ಟು ಚೆಂದ ಕಂಡದ್ದು ಆಗ ಮಾತ್ರ.

ಆ ನಡಿಗೆಗೆ ನಾನು ಐದೂಕಾಲಿಗೆ ಮನೆಯಲ್ಲಿರಬೇಕಿತ್ತು. ಕತ್ತಲಾದರೆ ಅಪ್ಪ ಹೊರಡುತ್ತಿರಲಿಲ್ಲ, ಕಣ್ಣಿಗೆ ಹಳ್ಳ ಕಾಣುವುದಿಲ್ಲ ಎನ್ನುತ್ತಿದ್ದರು. ಮೊದಲ ವಾರ ಅಕ್ಕ ಬಿಟ್ಟಳು. ಎರಡನೇ ವಾರ, ದಿನಾ ಹಿಂಗೆ ಓಡಿದ್ರೆ ಉಳಿದವರು ಏನಂದ್ಕೊಂಡಾರು ಎಂದಳು. ಉಳಿದವರು ಏನೂ ಅಂದುಕೊಂಡಿರಲಿಲ್ಲ. ನಾನು ಮಾಡಬೇಕಾದ ತಟ್ಟೆಗಳನ್ನು ತಾವೇ ತೊಳೆದುಕೊಡುತ್ತೇವೆ ಎಂದು ಇಬ್ಬರು ಹೇಳಿಯೂ ಇದ್ದರು. ಅದಕ್ಕೆ ಅಕ್ಕ ಇನ್ನೂ ಕೆಂಡವಾದಳು. ಯಾರು ಯಾರಿಗೆ ಸಹಾಯ ಮಾಡಬೇಕು ಎನ್ನುವುದನ್ನು ಹೇಳುವವಳು ಅವಳು ತಾನೆ. ಮೂರನೇ ವಾರದಿಂದ ಐದು ಗಂಟೆಗೆ ಸರಿಯಾಗಿ ನನಗೇ ಒಂದು ಕೆಲಸ ಹೇಳತೊಡಗಿದಳು.

ಹುಳು ಮನೆಗೆ ಹೊರಗಿನ ಬೆಳಕು ಬರುವುದಿಲ್ಲ. ಒಳಗೆ ಬೇಸಿಗೆಯಲ್ಲೂ ಚಳಿಗಾಲದಲ್ಲೂ ಒಂದೇ ಬಿಸಿ, ಒಂದೇ ತೇವ. ಆದರೂ ಐದಾದದ್ದು ನನ್ನ ಮೈಗೆ ಗೊತ್ತಾಗುತ್ತಿತ್ತು. ಈಗ ಅಪ್ಪ ಮುಖ ತೊಳೆದರು, ಈಗ ಇಸ್ತ್ರಿ ಅಂಗಿ ಹಾಕಿಕೊಂಡರು, ಈಗ ಬಲಗಾಲನ್ನು ಕೈಯಲ್ಲೇ ಎತ್ತಿ ಶೂ ಒಳಗೆ ತೂರಿಸುತ್ತಿದ್ದಾರೆ ಎಂದು ಕಣ್ಣಿಗೆ ಕಟ್ಟುತ್ತಿತ್ತು. ತಟ್ಟೆ ತೊಳೆಯುತ್ತ ಎಷ್ಟು ಸಲ ಅತ್ತಿದ್ದೇನೋ. ಬ್ಲೀಚಿಂಗ್ ನೀರಿನಲ್ಲಿ ಎಲ್ಲರ ಕಣ್ಣೂ ಕೆಂಪಗಿರುತ್ತಿದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ.

ಉಳಿದದ್ದು ಜ್ವರದ ದಿನಗಳು. ಒಂದು ಬ್ಯಾಚಿಗೆ ಎರಡು ಸಲ. ಅವತ್ತು ಮಾತ್ರ, ಸುಣ್ಣ ಬಿದ್ದ ಮೇಲೆ ಅಕ್ಕನಿಗೂ ಹೇಳಲು ಕೆಲಸ ಸಿಗುತ್ತಿರಲಿಲ್ಲ.

ಕಾರ್ತಿಕ ಮಾಸದ ಒಂದು ಬ್ಯಾಚು. ಮಾರನೇ ದಿನ ಮಧ್ಯಾಹ್ನಕ್ಕೆ ಮೊದಲ ಜ್ವರಕ್ಕೆ ಕೂರುತ್ತವೆ ಎಂದು ಲೆಕ್ಕ ಹಾಕಿ, ನಾಲ್ಕಕ್ಕೆಲ್ಲ ಬಂದುಬಿಡ್ತೀನಿ ಎಂದು ಅಪ್ಪನಿಗೆ ಮಾತು ಕೊಟ್ಟಿದ್ದೆ. ಅವತ್ತು ಚಳಿ. ಹೀಟರು ಬೆಳಿಗ್ಗೆ ಸ್ವಲ್ಪ ಹೊತ್ತು ಕೈಕೊಟ್ಟಿತ್ತು, ಹುಳು ನಿಧಾನವಾದವು. ಮಧ್ಯಾಹ್ನ ಅಕ್ಕ ಸೊಪ್ಪಿನ ಕೋಣೆಗೆ ಹೋಗುವಾಗ ಕೊನೆಯ ಸಾಲಿನ ತಟ್ಟೆಗಳನ್ನು ನನಗೆ ಒಪ್ಪಿಸಿದಳು. ಎಲ್ಲ ಕೂತ ಮೇಲೆ ಕರಿ, ಕೂರದಿದ್ರೆ ಇನ್ನೊಂದ್ಸಲ ತೆಳ್ಳಗೆ ಸೊಪ್ಪು ಹಾಕಣ, ಆತುರ ಬೇಡ ಎಂದಿದ್ದಳು. ಮೂರು ಗಂಟೆಗೆ ನೋಡಿದರೆ ಮುಕ್ಕಾಲು ಪಾಲು ತಲೆ ಎತ್ತಿ ಕೂತಿದ್ದವು. ಉಳಿದವು ಒಣಗಿದ ಸೊಪ್ಪಿನ ಚೂರುಗಳ ಮೇಲೆ ಹಸಿದುಕೊಂಡು ಹರಿದಾಡುತ್ತಿದ್ದವು. ನನಗೆ ಅವು ಸ್ಪಷ್ಟವಾಗಿಯೇ ಕಂಡವು. ಕಾಣಲಿಲ್ಲ ಎಂದು ಈಗ ಸುಳ್ಳು ಹೇಳಲಾರೆ. ಸುಣ್ಣದ ಪುಡಿ ಕಟ್ಟಿದ ಬಟ್ಟೆ ತೆಗೆದುಕೊಂಡು ಎಲ್ಲದರ ಮೇಲೂ ಉದುರಿಸಿಬಿಟ್ಟೆ. ಕೂತಿದ್ದವೂ ಬೆಳ್ಳಗಾದವು, ಹರಿದಾಡುತ್ತಿದ್ದವೂ ಬೆಳ್ಳಗಾದವು. ಅಕ್ಕ ಬಂದು ಬಾಗಿಲಿಂದಲೇ ನೋಡಿ, ಸರಿ ಹೋಗು ಎಂದಳು.

ಅವತ್ತು ನಾಲ್ಕೂವರೆಗೆ ನಾವು ಹೊರಟೆವು. ಅಪ್ಪ ಒಮ್ಮೆಯೂ ಕೂರದೆ ಡೇರಿಯವರೆಗೆ ಬಂದರು. ಅಲ್ಲಿ ಕಟ್ಟೆಯ ಮೇಲೆ ಕೂತು, ಹಾಲು ಅಳೆಯುವವನಿಗೆ ಮಗ್ಗಿ ಕೇಳಿ, ಅವನು ಹದಿನೇಳರ ಮಗ್ಗಿಯಲ್ಲಿ ತಪ್ಪಿದಾಗ ಜೋರಾಗಿ ನಕ್ಕರು. ವಾಪಸ್ಸು ಬರುವಾಗ ನನ್ನ ಹೆಗಲ ಮೇಲಿನ ಕೈ ಹಗುರವಾಗಿತ್ತು. ಮನೆ ಇನ್ನು ನಾಲ್ಕು ಹೆಜ್ಜೆ ಇದೆ ಎನ್ನುವಾಗ ಕೈಯನ್ನು ಪೂರ್ತಿ ತೆಗೆದು, ಒಬ್ಬರೇ ಮೆಟ್ಟಿಲವರೆಗೆ ಹೋದರು. ನಾನು ಹಿಂದೆಯೇ ನಿಂತಿದ್ದೆ. ಜೀವನದಲ್ಲಿ ನನಗೆ ಅಷ್ಟು ಸಂತೋಷ ಆದದ್ದು ಕಡಿಮೆ. ಅದನ್ನು ಕದ್ದು ತಂದಿದ್ದೆ ಎಂಬುದು ಆ ಹೊತ್ತಿನಲ್ಲಿ ನೆನಪೇ ಇರಲಿಲ್ಲ.

ಎರಡು ದಿನಕ್ಕೆ ಬಯಲಾಯಿತು. ಕೊನೆಯ ಸಾಲಿನ ತಟ್ಟೆಗಳಲ್ಲಿ ಕೆಲವು ಹುಳು ದಪ್ಪಗೆ, ಕೆಲವು ದಾರದ ಎಳೆಯಷ್ಟು ಸಣ್ಣಗೆ. ಹೊಟ್ಟೆಗಿಲ್ಲದೆ ಹಿಂದೆ ಬಿದ್ದವು ಅವು. ಹೀಗೆ ಏರುಪೇರಾದ ಹುಳು ಒಟ್ಟಿಗೆ ಜ್ವರಕ್ಕೆ ಕೂರುವುದಿಲ್ಲ, ತೆಗೆದುಕೊಂಡು ಹೋದ ರೈತನಿಗೆ ಕೊನೆಯವರೆಗೂ ಗೋಳು. ಅಕ್ಕ ಒಂದು ತಟ್ಟೆಯನ್ನು ಬಾಗಿಲಿಗೆ ತಂದು ಬೆಳಕಿಗೆ ಹಿಡಿದು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಯಜಮಾನರು ಬಂದು ಇದ್ಯಾಕೆ ಹಿಂಗೆ ಎಂದಾಗ, ಸೊಪ್ಪು ಬಲಿತಿತ್ತು ಎಂದುಬಿಟ್ಟಳು. ಅವರು ಹೋದ ಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು.

“ಚೂಡಮ್ಮಾಯ್, ನೋಡಿಲ್ಲಿ, ನಾನು ಬಾಯಿ ಬಿಟ್ಟಿಲ್ಲ. ನೆನಪಿರ್ಲಿ.”

ನೆನಪಿಟ್ಟುಕೊಳ್ಳದೆ ಇರಲು ಅವಳು ಬಿಡಬೇಕಲ್ಲ. ಆಮೇಲೆ ನಾನು ಏಳು ಗಂಟೆಗೆ ಮುಂಚೆ ಆ ಬಾಗಿಲು ದಾಟಿದ್ದೇ ಇಲ್ಲ. ಹೊತ್ತಾಯಿತು ಎನ್ನಲು ಬಾಯಿ ತೆರೆದರೆ ಅವಳ ಹುಬ್ಬು ಸ್ವಲ್ಪ ಮೇಲೇರುತ್ತಿತ್ತು, ಅಷ್ಟೇ. ಜ್ವರದ ದಿನವೂ ನನಗಿರಲಿಲ್ಲ. ಉಳಿದವರೆಲ್ಲ ಹೋದ ಮೇಲೆ ನನ್ನನ್ನು ಕೂರಿಸಿಕೊಂಡು ಗೋಣಿ ಹೊಲಿಸುತ್ತಿದ್ದಳು. ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ಅವಳು ಕೆಟ್ಟವಳಾಗಿರುತ್ತಿರಲಿಲ್ಲ. ಟೀ ಕಾಸಿ ಕೊಡುತ್ತಿದ್ದಳು. ಗಂಡ ತೀರಿಕೊಂಡದ್ದು, ಮಕ್ಕಳಾಗದ್ದು, ಶಿಡ್ಲಘಟ್ಟದ ಬಾಡಿಗೆ ಕೋಣೆ, ಎಲ್ಲ ಆಗಲೇ ಗೊತ್ತಾದದ್ದು. ಒಂದು ಸಂಜೆ ನಾನು ತಡೆಯಲಾರದೆ ನಿಮಗೆ ಮನೆಗೆ ಹೋಗಬೇಕು ಅನ್ನಿಸಲ್ವಾ ಅಕ್ಕ ಎಂದು ಕೇಳಿದೆ. ಸೂಜಿಯಿಂದ ಕಣ್ಣು ತೆಗೆಯದೆ, “ಇಂಟಿಕಿ ಪೋಯಿ ಏಮಿ ಚೇಸೇದಿ?” ಎಂದಳು. ಮನೆಗೆ ಹೋಗಿ ಮಾಡುವುದೇನಿದೆ ಎಂದು. ನನಗೆ ಪಾಪ ಅನ್ನಿಸಿತು. ಅದರ ಹಿಂದೆಯೇ ಎಲ್ಲಿಲ್ಲದ ಸಿಟ್ಟೂ ಬಂತು. ಅವಳಿಗೆ ಹೋಗಲು ಮನೆಯಿಲ್ಲ ಎಂದು ನನ್ನ ಸಂಜೆಗಳನ್ನು ಕೊಟ್ಟುಕೊಂಡು ಕೂತಿದ್ದೆನಲ್ಲ.

ಮನೆಯಲ್ಲಿ ದಿನಾ ಬೆಳಿಗ್ಗೆ ಅಪ್ಪ ಒಂದೇ ಪ್ರಶ್ನೆ ಕೇಳುತ್ತಿದ್ದರು, ಇವತ್ತು ಬರ್ತೀಯೇನಮ್ಮ ಎಂದು. ನಾನೂ ಒಂದೇ ಉತ್ತರ ಕೊಡುತ್ತಿದ್ದೆ, ಬರ್ತೀನಪ್ಪ ಎಂದು. ಇಲ್ಲ ಎನ್ನಲು ಬಾಯಿ ಬರುತ್ತಿರಲಿಲ್ಲ. ಬಂದು ನೋಡಿದರೆ ಅವರು ಅಂಗಿ ಬದಲಾಯಿಸಿ, ರೇಡಿಯೋ ಹಾಕಿಕೊಂಡು, ಏನೂ ಆಗದವರ ಹಾಗೆ ಕೂತಿರುತ್ತಿದ್ದರು. ಅಮ್ಮ ಹಗಲು ಅಂಗಳದಲ್ಲಿ ಎರಡು ಸುತ್ತು ಹಾಕಿಸುತ್ತಿದ್ದಳು. ಸಾಕು ಎಂದುಕೊಂಡಿದ್ದೆ. ಹಾಗೆ ಅಂದುಕೊಳ್ಳದಿದ್ದರೆ ಉಣ್ಣುವುದು ಹೇಗೆ.

ಶಿವರಾತ್ರಿ ಕಳೆದ ವಾರ, ನಾನು ಬಂದಾಗ ಅಮ್ಮ ಅಡುಗೆಮನೆಗೆ ಕರೆದಳು. ಅನ್ನದ ಪಾತ್ರೆಯ ಮುಚ್ಚಳ ಕೈಯಲ್ಲಿ ಹಿಡಿದುಕೊಂಡು, ತಗ್ಗಿದ ದನಿಯಲ್ಲಿ ಹೇಳಿದಳು.

“ಅವರು ದಿನಾ ಐದಕ್ಕೆ ಶೂ ಹಾಕ್ಕೊಂಡು ಬಾಗಿಲಲ್ಲಿ ಕೂರ್ತಾರೆ ಕಣೇ. ಕತ್ತಲಾದ್ಮೇಲೆ ಅವರೇ ಬಿಚ್ಚಿ, ನಿಂಗೆ ಕಾಣಬಾರದು ಅಂತ ಮಂಚದ ಕೆಳಗೆ ತಳ್ತಾರೆ. ಬರ್ತೀನಿ ಅಂತ ಇನ್ನು ಹೇಳಬೇಡ.”

ನಾನು ಅಲ್ಲೇ ನೆಲದ ಮೇಲೆ ಕೂತೆ. ಅಮ್ಮ ಬೈದಿರಲಿಲ್ಲ, ಬೇಡಿಕೊಂಡಿದ್ದಳು.

ಯಜಮಾನರು ಬಂದ ದಿನ ಸುಣ್ಣದ ಕೈಯಲ್ಲೇ ಅವರ ಬೈಕಿನ ಹತ್ತಿರ ಹೋದೆ. ಅಕ್ಕ ಹಿಂದೆಯೇ ಬಂದಳು. ಕಾರ್ತಿಕದ ಬ್ಯಾಚಿನಲ್ಲಿ ಸೊಪ್ಪು ಬಲಿತಿರಲಿಲ್ಲ ಸಾರ್, ಹುಳು ಕೂರುವ ಮುಂಚೆ ಸುಣ್ಣ ಹಾಕಿದವಳು ನಾನು, ಮನೆಗೆ ಬೇಗ ಹೋಗಬೇಕಿತ್ತು, ಬೇಕೆಂದೇ ಹಾಕಿದೆ ಎಂದೆ. ಕೆಲಸ ಬಿಡು ಎಂದರೆ ಇವತ್ತೇ ಬಿಡುತ್ತೇನೆ, ಇರು ಎಂದರೆ ಐದಕ್ಕೆ ಹೋಗುತ್ತೇನೆ ಎಂದೂ ಹೇಳಿದೆ. ಬೆಳಿಗ್ಗೆಯೇ ಹಾಕುವ ಎರಡನೇ ಸಹಿಯ ಕಥೆಯೂ ಹೊರಗೆ ಬಂತು. ಒಳಗಿದ್ದ ಹೆಂಗಸರು ಬಾಗಿಲಿಗೆ ಬಂದು ನಿಂತಿದ್ದರು. ಯಜಮಾನರು ಬೈಕಿನ ಕೀಲಿ ತಿರುಗಿಸುತ್ತ ಒಂದು ಗಳಿಗೆ ಯೋಚಿಸಿದರು. ಆ ಬ್ಯಾಚು ಅವರಿಗೆ ಸರಿಯಾಗಿ ನೆನಪೇ ಇರಲಿಲ್ಲ. ಅಂಥದ್ದು ಯಾವಾಗಲಾದರೂ ಆಗುತ್ತದಮ್ಮ, ಆ ರೈತರು ಏನೂ ಅನ್ನಲಿಲ್ಲ ಎಂದರು. ಸಂಜೆ ಉಳಿಯಿರಿ ಎಂದು ತಾವು ಯಾರಿಗೂ ಹೇಳಿದ್ದೇ ಇಲ್ಲ, ಪುಸ್ತಕದಲ್ಲಿ ಐದು ಅಂತಲೇ ಇದೆಯಲ್ಲ ಎಂದರು. ಅಕ್ಕನ ಕಡೆ ತಿರುಗಿ, ಏನಕ್ಕ ಇದು ಎಂದಷ್ಟೇ ಕೇಳಿದರು. ಅಕ್ಕ ಒಳಗೆ ಹೋದಳು. ನಾನು ಮೂರು ತಿಂಗಳು ಯಾವ ಹಗ್ಗದಲ್ಲಿ ಕಟ್ಟಿಸಿಕೊಂಡಿದ್ದೆನೋ ಅದು ಹಗ್ಗವೇ ಆಗಿರಲಿಲ್ಲ.

ಮಾರನೇ ದಿನದಿಂದ ಸಂಜೆಯ ಸಹಿ ಸಂಜೆಗೇ ಬಂತು. ಐದಕ್ಕೆ ಎಲ್ಲರೂ ಕೈ ತೊಳೆಯುತ್ತಿದ್ದೆವು. ಮೊದಲ ದಿನ ನಾನು ಫೋನಿಗೆ ಕೈ ಚಾಚಿದಾಗ ಅಕ್ಕ ಡಬ್ಬಿ ತೆರೆದು ಕೊಟ್ಟಳು, ಮುಖ ನೋಡಲಿಲ್ಲ. ನನಗೆ ಗೆದ್ದ ಹಾಗೆ ಅನ್ನಿಸಲಿಲ್ಲ. ಅದನ್ನು ಯೋಚಿಸುವ ವ್ಯವಧಾನವೂ ಇರಲಿಲ್ಲ, ಆಟೋ ಹಿಡಿಯಬೇಕಿತ್ತು.

ಐದೂಕಾಲಿಗೆ ನಾನು ಬಾಗಿಲಿಗೆ ಬಂದಾಗ ಅಪ್ಪ ಶೂ ಹಾಕಿಕೊಂಡು ಕೂತಿದ್ದರು. ನನ್ನನ್ನು ಕಂಡು ಅವರ ಮುಖ ಹೇಗಾಯಿತೆಂದು ಬರೆಯಲು ನನಗೆ ಬರುವುದಿಲ್ಲ. ಎದ್ದರು. ಕೈ ನನ್ನ ಹೆಗಲಿಗೆ ಬಂತು, ಇಡೀ ಮೈಯೇ ಅದರ ಜೊತೆ ಬಂತು. ಮೊಣಕಾಲು ಮಡಚುತ್ತಿರಲಿಲ್ಲ, ಪಾದ ನೆಲ ಬಿಟ್ಟು ಏಳುತ್ತಿರಲಿಲ್ಲ. ಗೇಟಿನವರೆಗೆ ಬರುವಷ್ಟರಲ್ಲಿ ಅಂಗಿ ಬೆವರಿನಲ್ಲಿ ತೊಯ್ದುಹೋಯಿತು. ಗೇಟು ಹಿಡಿದು ಬೀದಿಯನ್ನು ಒಂದು ಸಲ ಆ ತುದಿಯವರೆಗೂ ನೋಡಿ, ಒಳಗೆ ಹೋಗಣ ಎಂದರು. ಹದಿನೈದು ದಿನ ಬಿಡದೆ ಹಾಗೆ ಗೇಟಿನವರೆಗೆ ಬಂದೆವು. ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋದಾಗ ಫಿಸಿಯೋ ಕಾಲು ಮಡಚಿ ನೋಡಿ, ದಿನಾ ನಡೆಸುತ್ತಿದ್ದಿರಾ ಎಂದು ಕೇಳಿದರು. ಅಪ್ಪ ನನಗಿಂತ ಮುಂಚೆ ಹೌದು ಎಂದರು. ಮಗಳು ಒಂದು ದಿನಾನೂ ತಪ್ಪಿಸಿಲ್ಲ ಎಂದರು. ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಮೇಷ್ಟ್ರು.

ಹದಿನಾರನೇ ಸಂಜೆ ನಾನು ಬಂದಾಗ ಅವರ ಕಾಲಲ್ಲಿ ಶೂ ಇರಲಿಲ್ಲ. ಕುರ್ಚಿಯನ್ನು ಬಾಗಿಲ ಹತ್ತಿರ ಹಾಕಿಸಿಕೊಂಡಿದ್ದರು. ಡೇರಿಗೆ ನೀನೇ ಹೋಗಿ ಬಾಮ್ಮ, ಯಾರ್ ಯಾರು ಸಿಕ್ಕಿದ್ರು ಅಂತ ಬಂದು ಹೇಳು, ನಾನು ಇಲ್ಲೇ ಇರ್ತೀನಿ ಎಂದರು. ಬೇಡ ಎನ್ನಬೇಕೆಂದುಕೊಂಡೆ. ಅವರು ಹಾಲಿನ ಪಾತ್ರೆಯನ್ನೂ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ತೆಗೆದುಕೊಂಡು ಹೊರಟೆ.

ನನ್ನ ಎಡಗಡೆ ಯಾರೂ ಇಲ್ಲದೆ ಆ ಬೀದಿಯಲ್ಲಿ ಹೇಗೆ ಕೈ ಬೀಸಬೇಕೆಂದೇ ತಿಳಿಯಲಿಲ್ಲ. ಮೇಷ್ಟ್ರು ಎಲ್ಲಿ ಎಂದು ಇಬ್ಬರು ಕೇಳಿದರು. ಹಾಲು ಹಾಕಿಸಿಕೊಂಡು, ಎಲ್ಲೂ ನಿಲ್ಲದೆ ತಿರುಗಿ ಬಂದೆ. ಗೇಟು ತೆಗೆಯುವಾಗ ಅಪ್ಪ ಗೋಡೆಯ ಗಡಿಯಾರ ನೋಡುತ್ತಿದ್ದರು. ನನ್ನನ್ನು ನೋಡಿದರು, ಮತ್ತೆ ಗಡಿಯಾರ ನೋಡಿದರು. ನಾನು ಹೋಗಿ ಬರಲು ಎಂಟು ನಿಮಿಷವೂ ಆಗಿರಲಿಲ್ಲ.

“ಅಷ್ಟೇನಾ ದೂರ?” ಎಂದರು.